ನಮ್ಮೂರ ಓಟದ ದಾರಿಗಳು

ಈ ವಾರ ನಮ್ಮ ಬಾಳೆಗೆ ನೀರಿನ ಪಾಳಿ ರಾತ್ರಿ ಬಂದಿತ್ತು. ಎರಡು ಗಂಟೆಗೆ ಎದ್ದು ಹೋಗಿ, ಮಡಿಯಿಂದ ಮಡಿಗೆ ನೀರು ತಿರುವಿ, ನಾಲ್ಕೂವರೆ ಹೊತ್ತಿಗೆ ಕಾಲುವೆ ದಂಡೆ ಮೇಲೆ ಟವೆಲ್ ಹಾಸಿ ಕೂತಿದ್ದೆ. ಕತ್ತಲಲ್ಲಿ ದಬದಬ ಅಂತ ಕಾಲಿನ ಸದ್ದು. ಮೊದಲು ಐದಾರು ಹುಡುಗರು ಹೋದರು. ಒಬ್ಬನ ಕೈಯಾಗ ಮೊಬೈಲ್ ಬೆಳಕು, ಉಳಿದವರದು ಅವನ ಬೆನ್ನು ನೋಡಿ ಓಟ. ಸ್ವಲ್ಪ ಹೊತ್ತು ಬಿಟ್ಟು ನಮ್ಮಣ್ಣನ ಮಗಳು ಬಂದಳು. ಅವಳ ಹಿಂದೆ ಅವಳ ತಮ್ಮ ಸೈಕಲ್ ಮೇಲೆ, ಬ್ಯಾಟರಿ ಹಿಡಕೊಂಡು, ಅರ್ಧ ನಿದ್ದೆಯಲ್ಲಿ.

“ಚಿಗಪ್ಪ, ಎಷ್ಟಾತು ನೋಡು” ಅಂದಳು, ಮೊಣಕಾಲಿಗೆ ಕೈ ಊರಿ.

“ಒಂಬತ್ತು ನಿಮಿಷ ಹತ್ತು ಸೆಕೆಂಡು ಆತು ಯವ್ವಾ.”

“ಇನ್ನ ನಲವತ್ತು ಸೆಕೆಂಡು ಕಮ್ಮಿ ಆಗ್ಬೇಕು” ಅಂತ ಹೇಳಿ ನೀರು ಕುಡಿಯೋಕೆ ಹೋದಳು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕೇಂದ್ರದ ಪಡೆಗಳಿಗೆ ಕಾನ್‌ಸ್ಟೇಬಲ್ ಆಗಬೇಕಂದ್ರೆ ಹೆಣ್ಣುಮಕ್ಕಳು 1.6 ಕಿಲೋಮೀಟರು ಎಂಟೂವರೆ ನಿಮಿಷದಲ್ಲಿ ಓಡಬೇಕು, ಗಂಡುಮಕ್ಕಳು 5 ಕಿಲೋಮೀಟರು 24 ನಿಮಿಷದಲ್ಲಿ. ನಮ್ಮ ರಾಜ್ಯದ ಪೊಲೀಸಿಗಾದರೆ ಗಂಡುಮಕ್ಕಳಿಗೆ 1600 ಮೀಟರು ಆರೂವರೆ ನಿಮಿಷ, ಹೆಣ್ಣುಮಕ್ಕಳಿಗೆ 400 ಮೀಟರು ಎರಡು ನಿಮಿಷ. ಎಕರೆ, ಅರ್ಧ ಎಕರೆ ಇರೋ ಮನೆಗಳ ಮಕ್ಕಳಿಗೆ ಇವು ಬಾಯಿಪಾಠ. ಬಾಳೆ ರೇಟು ಒಂದು ವರ್ಷ ಇದ್ದಂಗೆ ಇನ್ನೊಂದು ವರ್ಷ ಇರಲ್ಲ. ಸಂಬಳ ತಿಂಗಳಿಗೊಮ್ಮೆ ಬರುತ್ತೆ.

ಹೋದ ವರ್ಷದವರೆಗೆ ಇವರೆಲ್ಲ ಓಡ್ತಿದ್ದುದು ಹಂಪಿ ರೋಡಿನಲ್ಲಿ. ಒಂದು ಬೆಳಗ್ಗೆ, ಇನ್ನೂ ಬೆಳಕು ಹರಿದಿರಲಿಲ್ಲ, ಒಂದು ಕಾರು ನಮ್ಮೂರ ಹುಡುಗನಿಗೆ ತಾಗಿಸಿ ನಿಲ್ಲದೇ ಹೋಯಿತು. ಜೀವಕ್ಕೇನೂ ಆಗಲಿಲ್ಲ, ಮೊಣಕಾಲ ಕೆಳಗಿನ ಎಲುಬು ಮುರೀತು. ಆ ವರ್ಷದ ಪರೀಕ್ಷೆ ಹೋಯಿತು. ಅವನ ವಯಸ್ಸಿನ ಮಿತಿ ಮುಗಿಯೋಕೆ ಇನ್ನೊಂದೇ ವರ್ಷ ಉಳಿದಿದೆ. ಆವತ್ತಿನಿಂದ ಮನೆಯವರು ರೋಡಿಗೆ ಕಳಿಸೋಕೆ ಹೆದರ್ತಾರೆ, ಅದಕ್ಕೇ ಮಕ್ಕಳು ಕಾಲುವೆ ದಂಡೆಗೆ ಬಂದಿದ್ದು. ನಮ್ಮ ಸುತ್ತಮುತ್ತ ಓಡೋಕೆ ಯಾವ ಯಾವ ದಾರಿ ಇದೆ, ಅವು ಮೊದಲು ಯಾತಕ್ಕೆ ಇದ್ದವು ಅಂತ ನಾನೂ ಅವಾಗಿಂದ ಯೋಚನೆ ಮಾಡ್ತಾ ಇದ್ದೀನಿ. ಕೈಗೆ ಸಿಕ್ಕ ಪುಸ್ತಕ ಓದಿದೆ, ಹಿರಿಯರನ್ನ ಕೇಳಿದೆ, ನಾನೇ ನಡೆದೂ ನೋಡಿದೆ.

ಮೊದಲು ಹಂಪಿ ರೋಡಿನ ಮಾತು. ಹೊಸಪೇಟೆ ಬಿಟ್ಟು ಹಂಪಿಗೆ ಹೋಗೋರು ಅನಂತಶಯನಗುಡಿ ದಾಟಿ, ನಮ್ಮ ಕಡ್ಡಿರಾಂಪುರ ದಾಟಿ ಹೋಗಬೇಕು. ನಾವು ಇದನ್ನ ಡಾಂಬರ್ ರೋಡು ಅಂತಷ್ಟೇ ನೋಡ್ತೀವಿ. ಡೊಮಿಂಗೊ ಪಾಯಸ್ ಅನ್ನೋ ಪೋರ್ಚುಗೀಸ್ ವ್ಯಾಪಾರಿ 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯ ಇದ್ದಾಗಲೇ ಇಲ್ಲಿಗೆ ಬಂದಿದ್ದ. ರಾಯ ಹೊಸದಾಗಿ ಕಟ್ಟಿಸಿದ ಪಟ್ಟಣದಿಂದ, ಅಂದ್ರೆ ಈಗಿನ ಹೊಸಪೇಟೆಯಿಂದ, ರಾಜಧಾನಿಗೆ ಒಂದು ಲೀಗ್ ದಾರಿ ಅಂತ ಬರೀತಾನೆ. ನಮ್ಮ ಒಂದು ಹರದಾರಿ ಅನ್ಕೊಳ್ಳಿ. ದಾರಿ ಉದ್ದಕ್ಕೂ ಎರಡೂ ಕಡೆ ಮನೆ, ಅಂಗಡಿ. ಅಗಲ ಎಷ್ಟಂದ್ರೆ ಕುದುರೆ ಮೇಲೆ ಕೂತು ಈಟಿ ಪಂದ್ಯ ಆಡುವಷ್ಟು. ಹೋಗಿಬರೋರಿಗೆ ನೆರಳಿರಲಿ ಅಂತ ರಾಯ ಮರ ಹಾಕಿಸಿದ್ದ, ಅದೇ ದಾರಿಯಲ್ಲಿ ಒಂದು ಚೆಂದದ ಕಲ್ಲಿನ ಗುಡಿ ಕಟ್ಟಿಸಿದ್ದ. ಅನಂತಶಯನನ ಗುಡಿ 1524ರ ಕಾಲದ್ದು, ರಾಯನ ಮಗ ತಿರುಮಲರಾಯನ ಹೆಸರಲ್ಲಿ ಅಲ್ಲೊಂದು ಪುರವೇ ಇತ್ತು. ಪಾಯಸ್ ನೋಡಿದ್ದು ಅದೇ ಗುಡಿ ಕಟ್ತಾ ಇದ್ದಾಗಲೋ ಏನೋ.

ನೋಡ್ರಿ, ಐನೂರು ವರ್ಷದ ಹಿಂದೆ ನೆರಳು, ಅಗಲ, ಅಂಗಡಿ ಎಲ್ಲಾ ಇದ್ದ ದಾರಿ ಇದು. ಈಗ ಒಬ್ಬ ಹುಡುಗ ಬಿಳಿಗೆರೆ ಪಕ್ಕ ಓಡೋಕೂ ಜಾಗ ಇಲ್ಲ.

ಪಾಯಸ್ ಇನ್ನೊಂದು ವಿಷಯ ಬರೆದಿದ್ದಾನೆ, ನನಗೆ ಅದೇ ಬಹಳ ಹಿಡಿಸಿದ್ದು. ರಾಯ ಬೆಳಕು ಹರಿಯೋಕೆ ಮುಂಚೆ ಎದ್ದು ಎಳ್ಳೆಣ್ಣೆ ಕುಡೀತಿದ್ದ, ಮೈಗೆಲ್ಲ ಅದೇ ಎಣ್ಣೆ ಹಚ್ಕೊಳ್ತಿದ್ದ. ಸೊಂಟಕ್ಕೆ ಒಂದು ತುಂಡು ಬಟ್ಟೆ. ಮಣ್ಣಿನ ದೊಡ್ಡ ಭಾರಗಳನ್ನ ತೋಳಲ್ಲಿ ಎತ್ತಿ, ಕತ್ತಿ ತಿರುಗಿಸಿ, ಕುಡಿದ ಎಣ್ಣೆ ಎಲ್ಲ ಬೆವರಾಗಿ ಹೋಗೋವರೆಗೆ ಸಾಧನೆ. ಆಮೇಲೆ ಪೈಲ್ವಾನನ ಜೊತೆ ಕುಸ್ತಿ. ಅದಾದ ಮೇಲೆ ಕುದುರೆ ಏರಿ ಬಯಲಲ್ಲಿ ಆ ಕಡೆ ಈ ಕಡೆ ಓಡಿಸ್ತಾ ಇದ್ದನಂತೆ, ಬೆಳಗಾಗೋವರೆಗೆ. ನಮ್ಮ ಹುಡುಗರಿಗೆ ಇದನ್ನ ಹೇಳಿದೆ. ಒಬ್ಬ ಕೇಳಿದ, “ಎಷ್ಟು ಎಣ್ಣಿ ಕುಡೀತಿದ್ದ?” ಮುಕ್ಕಾಲು ಪೈಂಟು ಅಂತ ಇಂಗ್ಲಿಷಿಗೆ ತಂದವರು ಹಾಕಿದ್ದಾರೆ, ಅಂದ್ರೆ ಅರ್ಧ ಲೀಟರಿಗೆ ಸ್ವಲ್ಪ ಕಮ್ಮಿ. ಈಗಿನ ಎಳ್ಳೆಣ್ಣೆ ರೇಟಿಗೆ ಅದು ರಾಜರಿಗೇ ಸರಿ ಅಂತ ಎಲ್ಲರೂ ನಕ್ಕರು.

ರಾಯ ಓಡಿಸಿದ್ದು ಕುದುರೆ. ಕಾಲಲ್ಲಿ ಓಡ್ತಿದ್ದೋರು ಬೇರೆ ಜನ. ಓಲೆಕಾರ, ಹರಿಕಾರ ಅಂತೀವಲ್ಲ, ಸುದ್ದಿ ಹೊರೋರು. ಅವರ ಕೆಲಸದ ಒಳ್ಳೇ ವಿವರ ಸಿಗೋದು ವಿಜಯನಗರಕ್ಕಿಂತ ಸ್ವಲ್ಪ ಮುಂಚಿನದು, ಅದೂ ದಿಲ್ಲಿ ಸುಲ್ತಾನರದು. ಮೊರಾಕ್ಕೊ ದೇಶದ ಇಬ್ನ್ ಬತೂತ 1330ರ ದಶಕದಲ್ಲಿ ಮಹಮದ್ ಬಿನ್ ತುಘಲಕ್‌ನ ಕಾಲದಲ್ಲಿ ಬಂದಿದ್ದ. ಟಪಾಲು ಎರಡು ಥರ ಇತ್ತಂತೆ, ಕುದುರೆದು ಒಂದು, ಕಾಲಿನದು ಒಂದು. ಕಾಲಿನ ಟಪಾಲಿಗೆ ಮೈಲಿಗೆ ಮೂರು ಠಾಣೆ. ಓಡೋನ ಒಂದು ಕೈಯಲ್ಲಿ ಓಲೆ, ಇನ್ನೊಂದು ಕೈಯಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆ ಸದ್ದು ಕೇಳಿದ ಕೂಡಲೇ ಮುಂದಿನ ಠಾಣೆಯವನು ಎದ್ದು ನಿಲ್ತಿದ್ದ, ಕೈಗೆ ಓಲೆ ಸಿಕ್ಕಿದ್ದೇ ಓಟ. ಕಾಲಿನ ಟಪಾಲು ಕುದುರೆಗಿಂತ ಜಲ್ದಿ ಅಂತ ಬತೂತ ಬರೀತಾನೆ. ಲೆಕ್ಕ ಹಾಕಿ ನೋಡಿ: ಮೈಲಿಗೆ ಮೂರು ಅಂದ್ರೆ ಒಬ್ಬನ ಪಾಲಿಗೆ ಐನೂರು ಮೀಟರು ಚಿಲ್ಲರೆ. ಅಷ್ಟೇ ದೂರ, ಆದ್ರೆ ಜೋರಾಗಿ. ಈಗ ಹೆಣ್ಣುಮಕ್ಕಳಿಗೆ ಪೊಲೀಸಿನವರು ಇಟ್ಟ 400 ಮೀಟರು ಅದಕ್ಕೆ ಹತ್ತಿರ.

ಇದು ದಿಲ್ಲಿ ಕಥೆ, ನಮಗೇನು ಅನ್ನಬೇಡಿ. ಆ ತುಘಲಕ್‌ನ ಮೇಲೆ ತಿರುಗಿಬಿದ್ದ ಬಹಾವುದ್ದೀನ್ ಓಡಿಬಂದು ಸೇರ್ಕೊಂಡಿದ್ದು ಕಂಪಿಲರಾಯನ ಹತ್ತಿರ, ನಮ್ಮ ಕಂಪ್ಲಿಯ ಹೆಸರಿನ ರಾಜ್ಯದಲ್ಲೇ. ನಂಬಿ ಬಂದವನನ್ನ ಬಿಟ್ಟುಕೊಡಲ್ಲ ಅಂತ ಕಂಪಿಲರಾಯ ಹೇಳಿದ, 1327ರ ಹೊತ್ತಿಗೆ ರಾಜ್ಯವೇ ಹೋಯಿತು. ಇದನ್ನೂ ಬತೂತನೇ ಬರೆದಿದ್ದಾನೆ. ಕಂಪಿಲರಾಯನ ಮಗ ಕುಮಾರರಾಮನ ಹೆಸರು ನಮ್ಮ ಕಡೆ ಗೊತ್ತಿಲ್ಲದ ಮನೆ ಇಲ್ಲ. ಆಮೇಲೆ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ಶುರು ಮಾಡಿದರು. ಅಂಚೆ ಅನ್ನೋ ಮಾತು ನಮಗೆ ಉಳಿಯಿತು, ಓಡೋರು ಹೋದರು. ನಮ್ಮಜ್ಜ ಸಣ್ಣವನಿದ್ದಾಗ ಟಪಾಲಿನವನ ಕೋಲಿನ ಗೆಜ್ಜೆ ಕೇಳಿದ್ದೆ ಅಂತಿದ್ದ. ನಿಜವೋ, ಅವರಜ್ಜ ಹೇಳಿದ್ದನ್ನ ತಾನೇ ಕೇಳಿದ್ದು ಅಂತ ಹೇಳ್ತಿದ್ದನೋ, ದೇವರೇ ಬಲ್ಲ.

ಇನ್ನೊಂದು ಓಟ ಇದೆ, ಅದನ್ನ ಬಿಟ್ಟು ಇಲ್ಲಿಯ ದಾರಿ ಕಥೆ ಹೇಳೋಕಾಗಲ್ಲ. 1565ರ ಜನವರಿ, ಕೃಷ್ಣಾ ಹೊಳೆ ಹತ್ತಿರ ರಕ್ಕಸತಂಗಡಿ ಯುದ್ಧ. ರಾಮರಾಯ ಸತ್ತ ಸುದ್ದಿ ಊರಿಗೆ ಬಂದಾಗ ಅವನ ತಮ್ಮ ತಿರುಮಲ ಐನೂರಕ್ಕೂ ಹೆಚ್ಚು ಆನೆ ಮೇಲೆ ಭಂಡಾರ ಹೇರಿಕೊಂಡು, ಸದಾಶಿವರಾಯನನ್ನೂ ಕರಕೊಂಡು ಪೆನುಗೊಂಡೆಗೆ ಹೋದ ಅಂತ ಬರೆದಿದ್ದಾರೆ. ಆನೆ ಇದ್ದೋರು ಆನೆ ಮೇಲೆ ಹೋದರು. ನಮ್ಮಂಥ ಉಳಿದೋರು ಯಾವ ದಾರಿ ಹಿಡಿದು ಓಡಿದರೋ ಯಾರೂ ಬರೆದಿಲ್ಲ. ಯಾವ ಅಗಲವಾದ ದಾರಿಯಲ್ಲಿ ಮುಂಚೆ ವ್ಯಾಪಾರ ಬಂತೋ ಅದೇ ದಾರಿಯಲ್ಲಿ ಲೂಟಿ ಮಾಡೋರೂ ಬಂದಿರಬೇಕು.

ನಮ್ಮೂರ ಬಗ್ಗೆಯೂ ಒಂದು ಮಾತು. ಕಡ್ಡಿರಾಂಪುರದಲ್ಲಿ ಹಳೇ ಗುಂಬಜಿನ ಗೋರಿಗಳಿವೆ, ಬಹಮನಿ ನಮೂನೆಯ ಕಟ್ಟಡ. ಹಂಪಿಗೆ ಹೋಗೋ ಟೂರಿಸ್ಟುಗಳು ನೂರಕ್ಕೆ ತೊಂಬತ್ತು ಮಂದಿ ಗಾಡಿ ನಿಲ್ಲಿಸಲ್ಲ. ಎರಡನೇ ದೇವರಾಯನ ಕಾಲದಲ್ಲಿ ಮುಸಲ್ಮಾನ ಬಿಲ್ಲುಗಾರರನ್ನ, ಸವಾರರನ್ನ ಸೈನ್ಯಕ್ಕೆ ಸೇರಿಸಿಕೊಂಡಿದ್ದರು. ಅವನ ಕೈಕೆಳಗಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು ಈಗಲೂ ಹಂಪಿಯಲ್ಲಿ ನಿಂತಿದೆ. ಎಲ್ಲಿಂದಲೋ ಬಂದು, ಪರೀಕ್ಷೆ ಕೊಟ್ಟು, ಸಂಬಳಕ್ಕೆ ಸೇರಿ, ಇಲ್ಲೇ ಮಣ್ಣಾದವರು. ಪಡೆ ಕೆಲಸಕ್ಕೆ ಅಂತ ಬೆಳಗ್ಗೆ ಎದ್ದು ಮೈ ಬಗ್ಗಿಸೋದು ನಮ್ಮ ಹುಡುಗರಿಂದ ಶುರುವಾಗಿದ್ದಲ್ಲ.

ಈಗ ಕಾಲುವೆ ದಂಡೆ. ನನ್ನ ಪ್ರಕಾರ ನಮ್ಮ ಕಡೆಯ ನಿಜವಾದ ಓಟದ ದಾರಿ ಇದೇ, ರೋಡಲ್ಲ. ತುರ್ತು ಕಾಲುವೆಗೆ ಹಳೇ ಹೆಸರು ಹಿರಿಯ ಕಾಲುವೆ. ಹೊಳೆಗೆ ಕಲ್ಲು ಒಟ್ಟಿ ಅಣೆಕಟ್ಟು ಮಾಡಿ ನೀರನ್ನ ಈ ಬಂಡೆಗಳ ನಡುವೆ ಸುತ್ತಿಸಿ ಸುತ್ತಿಸಿ ತಂದಿದ್ದಾರೆ. ಪಾಯಸ್ ಆದ ಮೇಲೆ ಬಂದ ನುನಿಜ್ ಅನ್ನೋನು, ಒಬ್ಬ ರಾಜ ಹೀಗೆ ಹೊಳೆ ಕಟ್ಟಿ ನೀರನ್ನ ಊರೊಳಗೆ ತಂದಮೇಲೆ ತೋಟ ಗದ್ದೆ ಎದ್ದು ರಾಜ್ಯದ ಆದಾಯ ಮೂರೂವರೆ ಲಕ್ಷ ವರಹಕ್ಕೂ ಮೇಲೆ ಹೆಚ್ಚಾಯಿತು ಅಂತ ಬರೆದಿದ್ದಾನೆ. ಲಕ್ಷ್ಮೀನರಸಿಂಹನ ಪಕ್ಕ ಬಡವಿಲಿಂಗದ ಕೆಳಗೆ ಯಾವಾಗಲೂ ನಿಂತಿರುತ್ತಲ್ಲ ನೀರು, ಅದು ಕಾಲುವೆ ನೀರೇ. ರಾಯ ಕಾಲುವೆ ಕಮಲಾಪುರದ ಕೆರೆಗೆ ಹೋಗುತ್ತೆ. ಹೊಳೆಗೆ ತುಂಗಭದ್ರಾ ಡ್ಯಾಮು ಬಂದಿದ್ದು 1953ರಲ್ಲಿ, ವಲ್ಲಭಾಪುರದ ಅಣೆ ಅದರ ಹಿನ್ನೀರಿನಲ್ಲಿ ಮುಳುಗಿತು. ಆದ್ರೂ ಹಳೇ ಕಾಲುವೆಗಳಲ್ಲಿ ನೀರು ನಿಲ್ಲಲಿಲ್ಲ. ಐನೂರು ವರ್ಷ ಮೀರಿ ಒಂದೇ ಕೆಲಸ ಮಾಡ್ತಿರೋದು ಹಂಪಿಯಲ್ಲಿ ಎರಡೇ, ವಿರೂಪಾಕ್ಷನ ಪೂಜೆ ಮತ್ತು ಈ ಕಾಲುವೆ.

ಕಾಲುವೆ ನೀರು ಹರೀಬೇಕಂದ್ರೆ ಇಳಿಜಾರು ಬಹಳ ಸಣ್ಣದಿರಬೇಕು. ಹಂಗಾಗಿ ದಂಡೆ ಮೇಲೆ ಏರು ಇಲ್ಲ, ತಗ್ಗು ಇಲ್ಲ. ಗುಡ್ಡ ಬಂದ ಕಡೆ ಕಾಲುವೆ ಸುತ್ತಿ ಹೋಗುತ್ತೆ, ಓಡೋನೂ ಸುತ್ತಿ ಹೋಗ್ತಾನೆ. ಕಾಲಡಿ ಮಣ್ಣು, ಪಕ್ಕ ತೆಂಗು ಬಾಳೆ ನೆರಳು. ನಮ್ಮಪ್ಪನೂ ಇದೇ ದಂಡೆ ಮೇಲೆ ಓಡಿದ್ದಾನೆ, ಟೈಮ್ ನೋಡ್ಕೊಂಡಲ್ಲ. ಮೇಲಿನವರು ಪಾಳಿ ಮುರಿದು ತೂಬು ತೆಗೆದಾಗ ಸಲಿಕೆ ಹಿಡಕೊಂಡು ಓಡೋನು. ಒಂದು ಮಳೆಗಾಲ ರಾತ್ರಿ ದಂಡೆ ಕೊಚ್ಚಿತು ಅಂತ ನೀರಗಂಟಿ ಕೂಗಿದಾಗ ಊರಿಗೆ ಊರೇ ಓಡಿತ್ತು, ನಾನು ಆವಾಗ ಏಳನೇ ಕ್ಲಾಸು, ಖಾಲಿ ಚೀಲ ಹೊತ್ತು ನಾನೂ ಓಡಿದ್ದೆ. ಮರಳು ತುಂಬಿ ತುಂಬಿ ಬೆಳಗಾಯಿತು.

ದಂಡೆಯಲ್ಲಿ ಕಷ್ಟ ಇಲ್ಲ ಅಂತಲ್ಲ. ಹಾವು ಇದ್ದೇ ಇರುತ್ತೆ. ದರೋಜಿಯ ಕರಡಿಧಾಮ 1994ರಲ್ಲಿ ಆಗಿದ್ದು ದೂರದ ಮಾತು, ಆದರೆ ಕರಡಿ ಗಡಿ ನೋಡಿ ತಿರುಗಲ್ಲ. ನಮ್ಮ ಬಂಡೆ ಗುಡ್ಡಗಳಲ್ಲಿ ಚಿರತೆ ಇದೆ, ಕಬ್ಬಿನಲ್ಲಿ ಸೇರ್ಕೊಳ್ಳುತ್ತೆ, ನಾಯಿ ಹಿಡಿಯುತ್ತೆ. ಅದಕ್ಕೇ ಹುಡುಗಿ ಒಬ್ಬಳೇ ಹೋಗಬಾರದು ಅಂತ ತಮ್ಮನ್ನ ಜೊತೆಗೆ ಕಳಿಸೋದು. ಅವನು ಚಿರತೆ ಬಂದ್ರೆ ಏನು ಮಾಡ್ತಾನೋ ಗೊತ್ತಿಲ್ಲ. ಬೆಲ್ಲು ಹೊಡಕೊಂಡು ಬಾ ಅಂತ ಹೇಳಿದ್ದೀನಿ. ಬತೂತನ ಗೆಜ್ಜೆ ಕೋಲಿಗೂ ಅದೊಂದು ಕಾರಣ ಇತ್ತೋ ಏನೋ.

ಬೇರೆ ದಾರಿಗಳನ್ನೂ ನೋಡಿದೆ. ವಿರೂಪಾಕ್ಷನ ಗುಡಿ ಮುಂದಿನ ಬಜಾರು ಈ ತುದಿಯಿಂದ ಆ ತುದಿ ನಂದಿವರೆಗೆ ಮುಕ್ಕಾಲು ಕಿಲೋಮೀಟರು ಹತ್ತಿರ. ಸಪಾಟಾಗಿದೆ, ಹೋಗಿ ಬಂದ್ರೆ ಒಂದೂವರೆ ಕಿಲೋಮೀಟರು. 2011ರಲ್ಲಿ ಅಲ್ಲಿದ್ದ ಮನೆ ಅಂಗಡಿ ತೆಗೆಸಿದ ಮೇಲೆ ಬೆಳಗ್ಗೆ ಖಾಲಿ. ಆದರೆ ನಮ್ಮೂರಿಂದ ಅಲ್ಲಿಗೆ ಹೋಗೋಕೆ ಅದೇ ರೋಡು ಹಿಡೀಬೇಕು. ಬಜಾರಿನಿಂದ ಹೊಳೆ ಪಕ್ಕ ವಿಠ್ಠಲನ ಗುಡಿಗೆ ಹೋಗೋ ದಾರಿ ನಡೆಯೋಕೆ ಸ್ವರ್ಗ, ಓಡೋಕೆ ಅಲ್ಲ. ಮೆಟ್ಟಿಲು, ನುಣುಪು ಕಲ್ಲು, ಕಾಲು ತಿರುಚುತ್ತೆ. ಚಳಿಗಾಲದಲ್ಲಿ ಒಮ್ಮೊಮ್ಮೆ ಬೆಂಗಳೂರಿನವರು ಎದೆಗೆ ನಂಬರ್ ಅಂಟಿಸಿಕೊಂಡು ಹಂಪಿಯಲ್ಲಿ ಓಡೋಕೆ ಬರ್ತಾರೆ. ಒಳ್ಳೇ ಮಂದಿ, ಬೂಟು ಚೆನ್ನಾಗಿರುತ್ತೆ. ದುಡ್ಡು ಕೊಟ್ಟು ಓಡ್ತಾರೆ ಅಂತ ಕೇಳಿ ನಮ್ಮಕ್ಕ ಮೂಗಿನ ಮೇಲೆ ಬೆರಳಿಟ್ಟಳು.

ಮಲಪನಗುಡಿ ಮೇಲೆ ಕಮಲಾಪುರಕ್ಕೆ ಹೋಗೋ ರೋಡು ನಮಗೆ ಬೇಡ, ಬಸ್ಸು ಜಾಸ್ತಿ. ಸಂಡೂರು ಕಡೆ ಗುಡ್ಡ ಚೆಂದ. ಆ ಕಣಿವೆಗೆ ಭೀಮಗಂಡಿ, ಓಬಳಗಂಡಿ ಅಂತ ಎರಡು ಬಾಗಿಲಿದ್ದಂಗೆ, ನಾರಿಹಳ್ಳ ಅಲ್ಲಿ ಗುಡ್ಡ ಸೀಳಿಕೊಂಡು ಹರಿಯುತ್ತೆ. ಮಳೆಗಾಲದಲ್ಲಿ ಅಲ್ಲಿ ಓಡೋ ಹುಡುಗರ ಪುಣ್ಯ. ಆದರೆ ನಾನು ನೋಡಿದ ಸಂಡೂರು ದಾರಿ ಬೇರೆ. ಅದಿರು ಲಾರಿಗಳ ಕಾಲದಲ್ಲಿ ಸಾಲು ಸಾಲು ಲಾರಿ, ಎಲೆ ಕೆಂಪು, ಎತ್ತು ಕೆಂಪು, ಉಗುಳಿದರೆ ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿದಾಗ ಕೆಲಸ ಹೋಯಿತು ಅಂತ ಅತ್ತವರೂ ನಮ್ಮ ನೆಂಟರೇ, ಉಸಿರು ಬಂತು ಅಂದವರೂ ನಮ್ಮ ನೆಂಟರೇ.

ಕೊನೆಗೆ ದಂಡೆಯೇ ಗತಿ ಅಂತಾಯಿತು. ಆದರೆ ಅದರ ಅಳತೆ ಯಾರಿಗೂ ಗೊತ್ತಿರಲಿಲ್ಲ. ಆಲದ ಮರದಿಂದ ಮೋರಿವರೆಗೆ 1600 ಅಂತ ಹುಡುಗರು ಅಂದಾಜು ಮಾಡ್ಕೊಂಡಿದ್ದರು. ಮೊಬೈಲು ಒಂದು ದಿನ 1500 ತೋರಿಸಿದ್ರೆ ಇನ್ನೊಂದು ದಿನ 1700. ಬಂಡೆ ಗುಡ್ಡದ ನಡುವೆ ಅದಕ್ಕೂ ತಲೆ ಕೆಡುತ್ತೆ. ನಾನು ಹಳೇ ಸೈಕಲ್ ತಂದು ಹಿಂದಿನ ಚಕ್ರಕ್ಕೆ ಕೆಂಪು ಬಟ್ಟೆ ಕಟ್ಟಿದೆ. ಅಂಗಳದಲ್ಲಿ ಟೇಪು ಹಿಡಿದು ನೋಡಿದ್ರೆ ಒಂದು ಸುತ್ತಿಗೆ ಎರಡು ಮೀಟರು ಇಪ್ಪತ್ತೆರಡು ಸೆಂಟಿಮೀಟರು. 180 ಸುತ್ತಿಗೆ 400 ಮೀಟರು, 720 ಸುತ್ತಿಗೆ 1600, ಒಂದೆರಡು ಹೆಜ್ಜೆ ಆಕಡೆ ಈಕಡೆ. ಭಾನುವಾರ ಬೆಳಗ್ಗೆ ನಾನು ಸೈಕಲ್ ತಳ್ಳೋದು, ಹುಡುಗಿ ಎಣಿಸೋದು, ಅವಳ ತಮ್ಮ ನೂರಕ್ಕೊಂದು ಕಲ್ಲು ಜೇಬಿಗೆ ಹಾಕ್ಕೊಳ್ಳೋದು. ನಡುವೆ ನಾನು ಬಾಳೆಗೊನೆ ನೋಡಿ ಮಾತಾಡಿದ್ದಕ್ಕೆ ಲೆಕ್ಕ ತಪ್ಪಿತು, ಬೈಸಿಕೊಂಡು ಮತ್ತೆ ಮೊದಲಿಂದ ತಳ್ಳಿದೆ.

ಮೋರಿ ಮುಟ್ಟಿದಾಗ 760 ಸುತ್ತು. ಅಂದ್ರೆ ಇವರು ಇಷ್ಟು ದಿನ ಹತ್ತಿರ ತೊಂಬತ್ತು ಮೀಟರು ಜಾಸ್ತಿ ಓಡ್ತಾ ಇದ್ದರು. ಅಲ್ಲೇ ನೆಲದ ಮೇಲೆ ಕಡ್ಡಿಯಲ್ಲಿ ಲೆಕ್ಕ ಹಾಕಿದೆವು. ಅವಳ ಒಂಬತ್ತು ನಿಮಿಷ ಹತ್ತು ಸೆಕೆಂಡು 1600ಕ್ಕೆ ಇಳಿಸಿದ್ರೆ ಎಂಟು ನಿಮಿಷ ನಲವತ್ತೆರಡು. “ನಲವತ್ತಲ್ಲ ಚಿಗಪ್ಪ, ಹನ್ನೆರಡೇ ಸೆಕೆಂಡು!” ಅಂತ ಕುಣಿದಳು. ಅವಳ ತಮ್ಮ ಕಲ್ಲುಗಳನ್ನ ಕಾಲುವೆಗೆ ಎಸೆದ.

720ನೇ ಸುತ್ತು ನಿಂತಿದ್ದು ಒಂದು ತೆಂಗಿನ ಮರದ ಹತ್ತಿರ. ಅದಕ್ಕೆ ಸುಣ್ಣ ಬಳಿದಿದ್ದೀನಿ. 180ಕ್ಕೆ, 360ಕ್ಕೆ, 540ಕ್ಕೆ ನಮ್ಮ ನಮ್ಮ ಹೊಲದ ಬದುವಿನ ಕಲ್ಲಿಗೆ ಗುರುತು. ಹಳೇ ಕಟ್ಟಡದ ಕಲ್ಲು ಯಾವುದನ್ನೂ ಮುಟ್ಟಿಲ್ಲ, ಮುಟ್ಟಲೂಬಾರದು, ಹುಡುಗರಿಗೂ ಹೇಳಿದ್ದೀನಿ. 5 ಕಿಲೋಮೀಟರಿನವರಿಗೆ ಮೂರು ಸಲ ಪೂರ್ತಿ ಹೋಗಿ ಇನ್ನೂ ಇನ್ನೂರು ಮೀಟರು ಬೇಕು, ಅದಕ್ಕೊಂದು ಕಲ್ಲು ನೆಡಬೇಕು.

ಈಗ ಉಳಿದಿರೋ ತೊಂದರೆ ಒಂದೇ. 360 ದಾಟಿದ ಮೇಲೆ ಒಂದು ಕಡೆ ದಂಡೆ ಸವೆದು ಒಬ್ಬ ನಡೆಯೋಷ್ಟೇ ಉಳಿದಿದೆ, ಪಕ್ಕದ ಹೊಲದವರು ಕಬ್ಬಿಗೆ ಹಂದಿ ಬರುತ್ತೆ ಅಂತ ಅಂಚಿಗೇ ಮುಳ್ಳು ಹಾಕಿದ್ದಾರೆ. ಕತ್ತಲಲ್ಲಿ ಅಲ್ಲಿ ಓಟ ನಿಂತು ನಡಿಗೆ ಆಗುತ್ತೆ, ಮೂರ್ನಾಲ್ಕು ಸೆಕೆಂಡು ಅಲ್ಲೇ ಹೋಗುತ್ತೆ. ನಿನ್ನೆ ಸಂಜೆ ಹೋಗಿ ಕೇಳಿದೆ. ಅವರದ್ದೂ ತಪ್ಪಿಲ್ಲ, ಹೋದ ಸಲ ಹಂದಿ ಕಾಲು ಎಕರೆ ಉರುಳಿಸಿತ್ತು. “ಕಬ್ಬು ಕಡಿಯೋತನಕ ತಡಿ, ಆಮ್ಯಾಲೆ ಎರಡು ಮಾರು ಹಿಂದಕ್ಕ ಹಾಕ್ತೀನಿ” ಅಂದರು. ಕಬ್ಬು ಕಡಿಯೋಕೆ ಇನ್ನೂ ಎರಡು ತಿಂಗಳಿದೆ. ಅಷ್ಟರಲ್ಲಿ ಎರಡು ಟ್ರಾಲಿ ಗರಸು ಹಾಕಿ ಆ ಸವೆದ ಜಾಗ ತುಂಬಿಸೋಣ ಅಂತ ಹುಡುಗರು, ನಾನು ಮಾತಾಡ್ಕೊಂಡಿದ್ದೀವಿ. ಗರಸಿಗೆ ಒಬ್ಬರು ಒಪ್ಪಿದ್ದಾರೆ, ಟ್ರ್ಯಾಕ್ಟರು ನಮ್ಮಣ್ಣಂದೇ. ಕಾಲು ಮುರಿದಿದ್ದ ಹುಡುಗ ಮೊನ್ನೆಯಿಂದ ದಂಡೆ ಮೇಲೆ ನಡೆಯೋಕೆ ಶುರು ಮಾಡಿದ್ದಾನೆ, ಇನ್ನೂ ಓಡ್ತಿಲ್ಲ. ಸಲಿಕೆ ನಾನೂ ತರ್ತೀನಿ ಅಂದಿದ್ದಾನೆ.